ಕೊಟ್ರಪ್ಪನ ಕರುಳಿನ ತಕರಾರು

ಕರುಳುಗಳಿಗೆ ಮಾತು ಬಂದು ಹನ್ನೆರಡು ವರ್ಷವಾಗಿತ್ತು. ಈಗ ಅವುಗಳ ಒಪ್ಪಿಗೆಯಿಲ್ಲದೆ ಅವುಗಳ ಬಗ್ಗೆ ಒಂದು ಸಾಲೂ ಅಚ್ಚಾಗುವಂತಿರಲಿಲ್ಲ. ಹಾಗಾಗಿ ದಾವಣಗೆರೆಯ ಡಾಕ್ಟರ್ ಸುವರ್ಣಮ್ಮ, ಮಿರ್ಚಿ ಬಜ್ಜಿ ಅಂಗಡಿ ಕೊಟ್ರಪ್ಪನ ಕರುಳಿನ ಉರಿಯೂತದ ಮೇಲೆ ಎರಡು ವರ್ಷ ದುಡಿದು ಬರೆದ ಪ್ರಬಂಧವನ್ನು ಅವನ ಹೊಟ್ಟೆಗೇ ಓದಿ ಹೇಳುತ್ತಿದ್ದರು. ಸಂಜೆಯೊಳಗೆ ಪತ್ರಿಕೆಗೆ ಕಳಿಸಬೇಕಿದ್ದ ಅವಸರದಲ್ಲಿ, ನಿಂತೇ ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದರು.

“ಮಿರ್ಚಿ ಬಿಟ್ಟಿದ್ದರಿಂದ ರೋಗಿಯ ಹುಣ್ಣು ಮಾಯಿತು.”

“ಸುಳ್ಳು,” ಎಂದಿತು ಕರುಳು. “ನಿನ್ನೆನೂ ಮೂರು ಬಾರಿಸಿದಾನೆ.”

“ಉಂಡ ಮನೆಗೆ ಎರಡು ಬಗೀತೀಯೇನೋ!” ಕೊಟ್ರಪ್ಪ ತನ್ನ ಹೊಟ್ಟೆಗೆ ತಾನೇ ಗುದ್ದಿಕೊಂಡ.

ಸುವರ್ಣಮ್ಮ ಹಾಳೆಯಿಂದ ತಲೆಯೆತ್ತಿದರು. “ಮತ್ತೆ ಹುಣ್ಣು ಹೆಂಗೆ ಮಾಯ್ತಪ್ಪಾ?”

“ತಿಂದಿದ್ದು ದಿನಾ ಬರೆದಿಡು ಅಂದ್ರಲ್ಲ ಇವನಿಗೆ ನೀವು?” ಎಂದಿತು ಕರುಳು. “ ತಿಂದ ಮಿರ್ಚಿನ ಮಂಡಕ್ಕಿ ಅಂತ ಸುಳ್ಳು ಬರೀತಾನೆ. ಆದ್ರೂ ಬರೆಯೋಕೆ ಅಂತ ಕೂರ್ತಾನೆ. ಕೂತ ಮೇಲೆ ನಿಧಾನಕ್ಕೆ ಅಗಿದು ಉಣ್ತಾನೆ. ಮೊದ್ಲು ಬಾಣಲೆ ಮುಂದೆ ನಿಂತೇ ನುಂಗ್ತಿದ್ದ.”

ಸುವರ್ಣಮ್ಮನ ಮುಖ ಅರಳಿತು. ಹಳೆಯ ಸಾಲು ಹೊಡೆದುಹಾಕಿ, ಇನ್ನೊಂದು ತುತ್ತು ಗಬಕ್ಕನೆ ನುಂಗಿ, ನಿಂತಲ್ಲೇ ಹೊಸ ಸಾಲು ಗೀಚತೊಡಗಿದರು.

ಆಗ ಅವರ ಸೀರೆಯ ನೆರಿಗೆಯೊಳಗಿಂದ ಮೆಲ್ಲನೆಯ ದನಿಯೊಂದು ಕೇಳಿತು: “ಡಾಕ್ಟರಮ್ಮಾ, ನಂದೂ ಒಂದು ಮಾತೈತಿ.”

ಕೊಟ್ರಪ್ಪ ಕುರ್ಚಿ ಎಳೆದು ಅವರ ಮುಂದಿಟ್ಟ.