ಕಸ್ತೂರಿಯ ಬಳ್ಳಿ ಕೇಳಿಸಿಕೊಂಡದ್ದು

ದ್ರಾಕ್ಷಿ ಬಳ್ಳಿ ಕೇಳಿಸಿಕೊಂಡ ಮಾತು ವೈನಿಗೆ ಇಳಿಯುತ್ತದೆ, ಕುಡಿದವರ ಬಾಯಿಂದ ಹೊರಬರುತ್ತದೆ, ಒಂದು ಗುಟುಕಿಗೆ ಒಂದೇ ಮಾತು. ಇದು ವಿಜಯಪುರದ ದ್ರಾಕ್ಷಿ ವಿಶ್ವವಿದ್ಯಾಲಯದಲ್ಲಿ ಮೊದಲ ದಿನದ ಪಾಠ. ಅದಕ್ಕೇ ಚಾಟ್ನಿಯ ದಿನಗಳಲ್ಲಿ, ಕತ್ತರಿ ಹಿಡಿದು ಬಳ್ಳಿಯ ಕಡ್ಡಿ ಸವರುವಾಗ, ವಿದ್ಯಾರ್ಥಿಗಳು ಹರಟೆ ಹೊಡೆಯುವಂತಿಲ್ಲ. ಬಳ್ಳಿಗೆ ಏನಾದರೂ ಹೇಳುವುದಿದ್ದರೆ ಪಠ್ಯಪುಸ್ತಕದಲ್ಲಿ ಇರುವುದನ್ನಷ್ಟೇ ಹೇಳಬೇಕು.

ಕಸ್ತೂರಿ ಎಂಬ ವಿದ್ಯಾರ್ಥಿನಿಗೋ, ಮಾತಾಡದಿದ್ದರೆ ಕೈಯೇ ಓಡದು. ಪ್ರಾಯೋಗಿಕ ಪರೀಕ್ಷೆಯ ದಿನ ಎಲ್ಲರೂ ತಮ್ಮ ತಮ್ಮ ಬಳ್ಳಿಯ ವೈನನ್ನು ಪರೀಕ್ಷಕರ ಮುಂದೆ ಇಟ್ಟರು.

ಎಂದೂ ನಗದ ಪರೀಕ್ಷಕ ಹಿಪ್ಪರಗಿ ಸರ್ ಮೊದಲು ಅವಳ ಸಹಪಾಠಿ ಸಿದ್ಧರಾಮನ ವೈನು ಕುಡಿದರು. "ಮಣ್ಣಿನ ತೇವಾಂಶವನ್ನು ಕಾಪಾಡುವ ವಿಧಾನಗಳು ಹಲವು," ಎಂದು ಅವರ ಬಾಯಿ ಒಪ್ಪಿಸಿತು. ಸರ್ ಆಕಳಿಸಿ ಅವನನ್ನು ಪಾಸು ಮಾಡಿದರು. ಆಮೇಲೆ ಕಸ್ತೂರಿಯ ಲೋಟ ಎತ್ತಿಕೊಂಡರು.

"ಸರ್, ಅದಿನ್ನೂ ಮಾಗಿಲ್ರಿ. ಮುಂದಿನ ವರ್ಷ ಕುಡೀರಿ," ಎಂದಳು ಅವಳು.

"ಸುಮ್ನಿರವಾ," ಎಂದು ಸರ್ ಒಂದು ಗುಟುಕು ಇಳಿಸಿದರು. ಅವರ ಬಾಯಿ ಅವರ ಮೇಲೆಯೇ ಚಾಡಿ ಹೇಳಿತು. "ಹಿಪ್ಪರಗಿ ಸರ್ ಭಾಳ ಚಲೋ ಮಂದಿ, ಆದ್ರ ನಕ್ಕರ ಹಲ್ಲ ಉದುರತಾವಂತ ಸಣ್ಣವರಿದ್ದಾಗ ಯಾರೋ ಅವರನ್ನ ಹೆದರಿಸ್ಯಾರ."

ಕಸ್ತೂರಿ ನೆಲ ನೋಡುತ್ತ ನಿಂತಳು. ಆಗ, ಬಹಳ ದಿನ ಕೆಟ್ಟು ನಿಂತಿದ್ದ ಪಂಪು ಶುರುವಾದ ಹಾಗೆ, ಗೊರಗೊರ ಸದ್ದು ಕೇಳಿತು. ಸರ್ ನಗುತ್ತಿದ್ದರು.

"ಅದೂ ನಿನ್ನ ವೈನಿಂದ ಏನಲೇ?" ಎಂದು ಸಿದ್ಧರಾಮ ಪಿಸುಗುಟ್ಟಿದ.

ಕಸ್ತೂರಿ ತಲೆ ಎತ್ತಿದಳು. "ಗುಟುಕಿಗೆ ಒಂದ ಮಾತಲ್ಲೇನೋ? ಅದು ಆಗಲೇ ಮುಗೀತು. ಈ ನಗಿ ಸರ್ ಅವರ್ದ."