ಮನೆಯವರ ಹೆಸರಿನ ಕ್ಷುದ್ರಗ್ರಹ

ಅವಳು ಕಂಡುಹಿಡಿದ ಕ್ಷುದ್ರಗ್ರಹಕ್ಕೆ ಅವಳೇ ಹೆಸರು ಸೂಚಿಸಬಹುದು ಎಂದು ಸುದ್ದಿ ಬಂದ ದಿನವೇ ವೀಕ್ಷಣಾಲಯದ ನಿರ್ದೇಶಕರು ಅವಳನ್ನು ಕೋಣೆಗೆ ಕರೆದು ಕಾಫಿ ಕೊಟ್ಟರು. ಕೆಲಸಕ್ಕೆ ಸೇರಿದಾಗಿನಿಂದ ಆ ಕೋಣೆಯಲ್ಲಿ ಅವಳಿಗೆ ಸಿಕ್ಕ ಮೊದಲ ಕಾಫಿ ಅದು.

ಮೊದಲು ಮಂತ್ರಿಗಳ ಹೆಸರು ಬಂತು. ರಾಜಕಾರಣಿಗಳಾದರೆ ಸತ್ತು ನೂರು ವರ್ಷ ಆಗಿರಬೇಕೆಂಬ ನಿಯಮವನ್ನು ಅವಳು ವಿನಯದಿಂದ ತಿಳಿಸಿದಳು. ಮಂತ್ರಿಗಳು ಗಟ್ಟಿಮುಟ್ಟಾಗಿದ್ದುದರಿಂದ ಆ ಮಾತು ಅಲ್ಲಿಗೇ ನಿಂತಿತು. ಆಮೇಲೆ ನಿರ್ದೇಶಕರು ತಮಗೆ ಹೆಸರಿನ ಹುಚ್ಚು ಎಳ್ಳಷ್ಟೂ ಇಲ್ಲವೆಂದು ಬಹಳ ಹೊತ್ತು ವಿವರಿಸಿದರು. ಆದರೆ ಕಿರಿಯರು ಪ್ರೀತಿಯಿಂದ ಇಟ್ಟರೆ ಬೇಡ ಅನ್ನುವುದು ಅಹಂಕಾರವಾಗುತ್ತದಂತೆ. ಅವಳ ಬಡ್ತಿಯ ವಿಷಯ ತಮ್ಮ ಮುಂದೆಯೇ ಇದೆ ಎಂಬುದು ಆಗಲೇ, ಸುಮ್ಮನೆ, ಅವರಿಗೆ ನೆನಪಾಯಿತು.

ಅವರ ಹೆಸರಿಟ್ಟರೆ ಮತ್ತೆ ದೂರದರ್ಶಕಕ್ಕೆ ಕಣ್ಣಿಡಲು ಮನಸ್ಸು ಬಾರದು. ಇಡದಿದ್ದರೆ ದೂರದರ್ಶಕವೇ ಸಿಗದು. ಅವಳು ಒಂದು ದಿನ ಯೋಚಿಸಿ ಹೇಳಿದಳು: "ಹೆಸರು ನಿಮ್ಮ ಮನೆಗೇ ಬರುತ್ತೆ ಸರ್."

ನಿರ್ದೇಶಕರ ಹೆಂಡತಿಯ ಹೆಸರು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಎಲ್ಲರಿಗೂ "ನಮ್ಮ ಮನೆಯವರು" ಎಂದೇ ಪರಿಚಯಿಸುತ್ತಿದ್ದರು. ಅವಳು ಫೋನ್ ಮಾಡಿ ಕೇಳಿದಾಗ ಮೇಡಂ ಕೂಡ ಸ್ವಲ್ಪ ತಡೆದೇ ಹೇಳಿದರು.

ಸಮಾರಂಭಕ್ಕೆ ನಿರ್ದೇಶಕರು ಹೊಸ ಕೋಟು ಹಾಕಿಕೊಂಡು, ಜೇಬಿನಲ್ಲಿ ಕೃತಜ್ಞತೆಯ ಭಾಷಣ ಇಟ್ಟುಕೊಂಡು ಬಂದರು. ಹೆಸರು ಘೋಷಿಸಿದಾಗ ಎಲ್ಲರಂತೆ ಅವರೂ ಇದು ಯಾರಪ್ಪಾ ಎಂದು ಅತ್ತಿತ್ತ ನೋಡಿದರು. ಅರ್ಥವಾಗುವಷ್ಟರಲ್ಲಿ ಚಪ್ಪಾಳೆ ಶುರುವಾಗಿಬಿಟ್ಟಿತ್ತು. ಭಾಷಣದಲ್ಲಿ "ನಾನು" ಇದ್ದಲ್ಲೆಲ್ಲ "ನಮ್ಮ ಮನೆಯವರು" ಎಂದು ಸೇರಿಸಿ ಹೇಗೋ ಓದಿ ಮುಗಿಸಿದರು. ಹೆಂಡತಿಗೆ ಗೌರವ ತಂದವಳ ಬಡ್ತಿಯನ್ನು ತುಂಬಿದ ಸಭೆಯೆದುರು ತಡೆಯುವುದಾದರೂ ಹೇಗೆ? ಅದನ್ನೂ ನಗುನಗುತ್ತಲೇ ಘೋಷಿಸಿದರು.

ಊಟದ ಹೊತ್ತಿಗೆ ಮೇಡಂ ತಟ್ಟೆ ಹಿಡಿದು ಅವಳ ಪಕ್ಕಕ್ಕೆ ಬಂದರು.

"ನಿಜ ಹೇಳಮ್ಮ, ನನ್ನ ಹೆಸರೇ ಯಾಕೆ?"

ಅವಳು ಹೊಗಳಿಕೆಯ ಮಾತೊಂದನ್ನು ಸಿದ್ಧಮಾಡಿಕೊಂಡಿದ್ದಳು. ಆ ಮುಖ ನೋಡಿದ ಮೇಲೆ ಅದು ಬಾಯಿಗೆ ಬರಲಿಲ್ಲ. ಕಾಫಿಯಿಂದ ಬಡ್ತಿಯವರೆಗೆ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಮೇಡಂ ಸಿಟ್ಟಾಗಲಿಲ್ಲ, ಬೇಸರವನ್ನೂ ತೋರಿಸಲಿಲ್ಲ.

"ಹೋಗಲಿ ಬಿಡು. ಅದು ಇರೋದಾದರೂ ಎಲ್ಲಿ?"

"ಮಂಗಳ, ಗುರು ಇಬ್ಬರ ಮಧ್ಯೆ ಮೇಡಂ."

"ಅಲ್ಲೂ ಮಧ್ಯೆನೇ?" ಎಂದರು ಮೇಡಂ, ತಟ್ಟೆ ಕೆಳಗಿಡುತ್ತಾ.