ಬೊಲೋನ್ಯಾದಲ್ಲಿ ಒಬ್ಬರಿಗೆ ಜಾಗ

ಬೆಗಿಮೈ ಮತ್ತೆ ಅಮ್ಮನ ಕೈಯನ್ನೇ ಹಿಡಿದಳು. ಹಿಂದೆ ಬರುತ್ತಿದ್ದ ಜಿಪಾರ್ ಅದನ್ನು ನೋಡಿದಳು. ನೋಡದವಳ ಹಾಗೆ ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿದಳು.

ಇಟಲಿಯ ಬೊಲೋನ್ಯಾದಲ್ಲಿ, ಕಂಬಸಾಲಿನ ನೆರಳಲ್ಲಿ ನಾಲ್ವರೂ ನಡೆಯುತ್ತಿದ್ದರು. ಮುಂದೆ, ಆ ಊರಲ್ಲಿ ಓದುತ್ತಿದ್ದ ಬೆಗಿಮೈ. ಅವಳ ತೋಳಿಗೆ ಆತುಕೊಂಡು ಅಮ್ಮ ಕಲೀಚಾ. ಅವರ ಹಿಂದೆ ಬಿಳಿ ಉಣ್ಣೆಟೋಪಿಯ ಮುದುಕ, ಕಲೀಚಾಳ ಗಂಡ ಜೂಮಾಬೆಕ್. ಕೊನೆಗೆ ಆ ಮನೆಯ ಸೊಸೆ ಜಿಪಾರ್, ನೀರು, ಔಷಧಿ, ಕರಿದ ರೊಟ್ಟಿಯ ಗಂಟು ಎಲ್ಲವನ್ನೂ ಹೊತ್ತುಕೊಂಡು. ಕಿರ್ಗಿಜ್ ಬೆಟ್ಟಗಳ ಊರಿನಿಂದ ಅವಳನ್ನು ಇಷ್ಟು ದೂರ ಕರೆತಂದದ್ದು ಅತ್ತೆಯ ಮೊಣಕಾಲು ನೋವು. ಗಂಡ ಕುದುರೆಗಳ ಜೊತೆ ಊರಲ್ಲೇ ಉಳಿದಿದ್ದ. ಮನೆಯಲ್ಲಿ ಎಲ್ಲರ ಬಾಯಲ್ಲೂ ಬೆಗಿಮೈ ಅವಳಿಗೆ ನಾದಿನಿ.

ಮರುದಿನ ಎಲ್ಲರೂ ಹೊರಡಬೇಕಿತ್ತು. ಆದರೆ ಬೆಳಿಗ್ಗೆ ಚಹಾ ಕುಡಿಯುವಾಗ ಬೆಗಿಮೈ ಒಂದು ಮಾತು ತೆಗೆದಿದ್ದಳು. ಪದವಿ ಕೊಡುವ ದಿನದವರೆಗೆ ಒಬ್ಬರು ತನ್ನ ಕೋಣೆಯಲ್ಲಿ ಉಳಿಯಬಹುದು, ಮನೆಯೊಡತಿ ಒಪ್ಪಿದ್ದಾಳೆ. ಆ ದಿನ ತಲೆಗೆ ಎಲೆಯ ಕಿರೀಟ ತೊಡಿಸುತ್ತಾರೆ. ಪಕ್ಕದಲ್ಲಿ ತನ್ನವರು ಒಬ್ಬರಾದರೂ ನಿಂತಿರಲಿ ಎಂದು ಆಸೆ.

"ನಾನು ಉಳೀತೀನಿ," ಎಂದಿದ್ದಳು ಜಿಪಾರ್, ಯಾರೂ ಬಾಯಿ ತೆರೆಯುವ ಮೊದಲೇ. "ಅಡುಗೆ ಮಾಡಿ ಹಾಕ್ತೀನಿ. ಹುಡುಗಿ ಒಣಗಿಹೋಗಿದ್ದಾಳೆ."

"ಅಡುಗೆಯಂತೆ," ಕಲೀಚಾ ನಕ್ಕಿದ್ದಳು. "ಇವಳಿಗೂ ಒಂದು ಕಾಲದಲ್ಲಿ ಓದೋ ಹುಚ್ಚಿತ್ತು. ಕಾಲೇಜು ಬಿಟ್ಟು ಮದುವೆಯಾಗಿ ಬಂದ್ಲು. ಈಗ ಇಟಲಿ ಕಂಡು ಕಣ್ಣು ಉರೀತಿದೆ. ನಿನ್ನ ಮಕ್ಕಳು ಊರಲ್ಲಿ ಕಾಯ್ತಿದ್ದಾರೆ, ಅವರ ಹತ್ರ ಹೋಗಮ್ಮ."

"ನನ್ನನ್ನಂತೂ ಯಾರೂ ಕರೆಯಲ್ಲ," ಎಂದ ಮುದುಕ. "ದಿನಾ ಪಿಜ್ಜಾದಲ್ಲಿ ಹಂದಿ ಇದೆಯಾ ಅಂತ ಕೇಳ್ತೀನಲ್ಲ, ಅದಕ್ಕೆ. ಮಗು ಯೋಚನೆ ಮಾಡಿ ಹೇಳಲಿ ಬಿಡೆ."

"ಸಂಜೆ ಹೇಳ್ತೀನಿ," ಎಂದಿದ್ದಳು ಬೆಗಿಮೈ.

ಉರಿ ಇದ್ದದ್ದು ನಿಜ. ಆದರೆ ಸೊಸೆಯಾದವಳು ಎದುರಾಡುವ ಹಾಗಿಲ್ಲ. ಜಿಪಾರ್ ತಲೆ ತಗ್ಗಿಸಿ ಅತ್ತೆಯ ಬಟ್ಟಲಿಗೆ ಚಹಾ ಬಗ್ಗಿಸಿದ್ದಳು.

ಕಂಬಸಾಲಿನ ಕೊನೆಗೆ ಐಸ್‌ಕ್ರೀಮ್ ಅಂಗಡಿಯ ಮುಂದೆ ನಿಂತರು. ಅಂಗಡಿಯವನು ಕಲೀಚಾಳ ಕಡೆ ಕೈ ತೋರಿಸಿ ಏನೋ ಕೇಳಿದ. ಬೆಗಿಮೈ ತಲೆಯಾಡಿಸಿ, ನಗುತ್ತ ಉತ್ತರ ಕೊಟ್ಟಳು.

"ಏನಂತೆ?" ಎಂದಳು ಕಲೀಚಾ.

"ಅಜ್ಜಿಗೆ ಯಾವುದು ಕೊಡಲಿ ಅಂದ. ಅಜ್ಜಿ ಅಲ್ಲ ಮಾರಾಯ, ನನ್ನಮ್ಮ ಅಂದೆ."

"ಮುಪ್ಪಿನಲ್ಲಿ ಸಿಕ್ಕಿದವಳು ನೀನು ಅಂತ ಹೇಳು ಅವನಿಗೆ. ದೇವರು ಕೊಟ್ಟಿದ್ದು ಅಂತ ಹೇಳು."

ತನ್ನ ಬಟ್ಟಲಿನಿಂದ ಮೊದಲ ಚಮಚವನ್ನು ಬೆಗಿಮೈ ಅಮ್ಮನ ಬಾಯಿಗಿಟ್ಟಳು. ಜಿಪಾರ್‌ಳ ಐಸ್‌ಕ್ರೀಮ್ ಕೈಯಲ್ಲೇ ಕರಗಿ ಮುಂಗೈವರೆಗೆ ಇಳಿಯಿತು.

ಚೌಕದ ಮೆಟ್ಟಿಲ ಮೇಲೆ ಊಟಕ್ಕೆ ಕುಳಿತರು. ಗಾಳಿ ತಣ್ಣಗಿತ್ತು. ಜಿಪಾರ್ ಚಳಿಗಾಲವಿಡೀ ಕೂತು ಹೆಣೆದ ಶಾಲು ಬೆಗಿಮೈಯ ಹೆಗಲ ಮೇಲಿತ್ತು. ಅವಳು ಅದನ್ನು ತೆಗೆದು ಅಮ್ಮನ ಮೊಣಕಾಲಿಗೆ ಸುತ್ತಿದಳು.

"ಅದು ನಿನಗೆ ಅಂತ ಹೆಣೆದಿದ್ದು," ಎಂದಳು ಜಿಪಾರ್. "ಗಾಳಿ ತಾಗಿದ್ರೆ ನಿನಗೆ ಕೆಮ್ಮು ಬರುತ್ತೆ."

"ನನ್ನ ಮಗಳ ಕೆಮ್ಮು ನನಗೆ ಗೊತ್ತಿಲ್ವಾ?" ಕಲೀಚಾಳ ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ.

"ಗೊತ್ತು ಅತ್ತೆ. ನಿಮಗೆ ಗೊತ್ತಿಲ್ದೆ ಇರುತ್ತಾ."

ಊಟ ಮುಗಿಸಿ ಮುದುಕ ಅಂಗೈ ಬಿಚ್ಚಿ ಪ್ರಾರ್ಥನೆ ಹೇಳಿದ. ಮಗಳಿಗೆ ಒಳ್ಳೆಯದಾಗಲಿ, ದಾರಿ ಬೆಳಗಲಿ. ಎಲ್ಲರೂ ಅಂಗೈ ಬಿಚ್ಚಿದರು. ಜಿಪಾರ್ ಒಳಗೊಳಗೇ ಬೇರೆ ಬೇಡಿಕೊಂಡಳು. ದೇವರೇ, ಈ ಕಿಚ್ಚನ್ನು ಆರಿಸು. ಇಲ್ಲವಾದರೆ ಆ ಕೋಣೆಯ ಜಾಗವನ್ನು ನನಗೆ ಕೊಡು. ಕೆಲವು ದಿನ ಸಾಕು. ಎರಡರಲ್ಲಿ ಯಾವುದನ್ನು ಹೆಚ್ಚು ಬಯಸಿದಳೆಂದು ಕೇಳಿಸಿಕೊಂಡ ದೇವರಿಗೇ ಗೊತ್ತು. ಪ್ರಾರ್ಥನೆ ಮುಗಿಸಿ ನಾಲ್ವರೂ ಅಂಗೈಯಿಂದ ಮುಖ ಸವರಿಕೊಂಡರು.

"ಅಮ್ಮ ಉಳೀಲಿ," ಎಂದಳು ಬೆಗಿಮೈ. ಸಂಜೆಯಾಗುವವರೆಗೂ ಕಾಯಲಿಲ್ಲ. "ಪದವಿ ಆದ್ಮೇಲೆ ನಾನೇ ಊರಿಗೆ ಕರ್ಕೊಂಡು ಬರ್ತೀನಿ."

ಕಲೀಚಾ ಸೊಸೆಯನ್ನು ನೋಡಿದಳು. ಗೆದ್ದವಳ ನೋಟವೇ, ಆದರೆ ಅದರಲ್ಲಿ ಹೆದರಿಕೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಜಿಪಾರ್ ರೊಟ್ಟಿಯ ಚೂರುಗಳನ್ನು ಬಟ್ಟೆಯೊಳಗೆ ಬಳಿದು ಗಂಟು ಕಟ್ಟಿದಳು. ಗಂಟು ಬೇಕಾದದ್ದಕ್ಕಿಂತ ಬಿಗಿಯಾಯಿತು.

ಮರುದಿನ ವಿಮಾನ ನಿಲ್ದಾಣದಲ್ಲಿ ಬೆಗಿಮೈ ಮುದುಕನ ಎದೆಗೆ ಒರಗಿ ಅತ್ತಳು. ಅವನು ಅವಳ ನೆತ್ತಿಯನ್ನು ಮೂಸಿ ಮುಂದೆ ನಡೆದ. ಜಿಪಾರ್ ಎರಡೂ ಚೀಲ ಎತ್ತಿಕೊಂಡಳು, ಅಪ್ಪಿಕೊಳ್ಳಲು ಕೈ ಖಾಲಿ ಇರದಂತೆ.

"ಸಿಟ್ಟು ಬಂದಿದೆಯಾ ಅತ್ತಿಗೆ?"

"ನನಗ್ಯಾಕೆ ಸಿಟ್ಟು. ನಿನ್ನಮ್ಮ ಬೆಂಚಿನ ಮೇಲೆ ಒಬ್ಬರೇ ಕೂತಿದ್ದಾರೆ. ಹೋಗು."

ಬೆಗಿಮೈ ಹೋಗಲಿಲ್ಲ. ಆ ಕೈಗಳಿಂದ ಚೀಲಗಳನ್ನು ಒಂದೊಂದಾಗಿ ಬಿಡಿಸಿ ಕೆಳಗಿಟ್ಟಳು. ಕಿವಿಯ ಹತ್ತಿರ ಬಾಗಿದಳು.

"ಅಜ್ಜಿಯನ್ನ ಅಮ್ಮ ಅನ್ನೋಕೆ ನನಗೆ ಉಳಿದಿರೋದು ಇನ್ನು ಸ್ವಲ್ಪ ವರ್ಷ ಮಾತ್ರ. ಪದ್ಧತಿ ಅಂತ ಚೊಚ್ಚಲ ಮಗೂನ ಅತ್ತೆಯ ಮಡಿಲಿಗೆ ಹಾಕಿ ಬಾಯಿ ಕಟ್ಟಿಕೊಂಡ್ರಲ್ಲ, ಹೆತ್ತ ನಿಮ್ಮನ್ನ ಹಾಗೆ ಕರೆಯೋಕೆ ಆಮೇಲೆ ನನ್ನ ಇಡೀ ಆಯುಷ್ಯ ಇದೆ."